ಅರ್ಧ ಹೆಜ್ಜೆ

ಫೋನು ಬಡಿದುಕೊಂಡಿತೆಂದು ಎರ್ಮೆಸ್ ಬೊನಾಲ್ದೊ ಒಂದು ಕೆನ್ನೆಯ ನೊರೆಯನ್ನು ಹಾಗೇ ಬಿಟ್ಟು ಬಚ್ಚಲಿನಿಂದ ಓಡಿಬಂದ. ಹಜಾರದ ಫೋನು ತನ್ನ ಪಾಡಿಗೆ ತಾನು ಗೋಡೆಗೆ ಒರಗಿಕೊಂಡಿತ್ತು. ಬಡಿದುಕೊಂಡದ್ದು ಮೇಲಿನ ಮನೆಯದು. ಮೇಲಿನ ಮನೆಯ ಹೆಂಗಸು ಚಪ್ಪಲಿ ಎಳೆದುಕೊಂಡು ಹೋಗಿ ಅದನ್ನು ಎತ್ತಿಕೊಂಡದ್ದು, ಆಮೇಲೆ ಜೋರಾಗಿ ನಕ್ಕದ್ದು ಎರಡೂ ಕೇಳಿಸಿತು. ತನ್ನನ್ನು ನೋಡಿಯೇ ನಕ್ಕಳೇನೋ ಎಂದು ಅವನು ತಲೆ ಎತ್ತಿ ಚಾವಣಿಯನ್ನು ನೋಡಿದ. "ಇನ್ನೂ ಆಟಾನೇ ಶುರುವಾಗಿಲ್ಲ ಮಾರಾಯ, ಈಗ್ಲೇ ಯಾಕೆ ಓಡ್ತೀಯ?" ಎಂದಳು ಲೊರೆತ್ತಾ ಅಡುಗೆಮನೆಯಿಂದ. ಹೆಂಡತಿಗೆ ಇವತ್ತು ಹಬ್ಬ. ಒಲೆಯಲ್ಲಿ ಮಾಂಸದ ಲಸಾನ್ಯಾ ಬೇಯಲಿಟ್ಟು, ಅದು ಬೇಯುವಷ್ಟರಲ್ಲಿ ಎಂದು ಇಸ್ತ್ರಿಯ ಹಲಗೆ ಬಿಚ್ಚಿಕೊಂಡು, ಅವನ ಕ್ಲಬ್ಬಿನ ನೀಲಿ ಟ್ರ್ಯಾಕ್ ಸೂಟನ್ನು ಹರವಿಕೊಂಡಿದ್ದಳು. ಎದೆಯ ಮೇಲೆ ಅವನ ಹೆಸರಿನ ಮೊದಲಕ್ಷರಗಳಿದ್ದವು. ಇಸ್ತ್ರಿಪೆಟ್ಟಿಗೆ ಆ ಅಕ್ಷರಗಳ ಸುತ್ತ ಹುಷಾರಾಗಿ ಸುಳಿಯುವುದನ್ನು ನೋಡುತ್ತಿದ್ದ ಹಾಗೆ ಎರ್ಮೆಸ್‌ನ ಹೆಜ್ಜೆ ಹೊಸ್ತಿಲಲ್ಲೇ ನಿಂತಿತು. ಅದನ್ನು ಒಳಗಿಡು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ವಾಪಸು ಹೋಗಿ ಇನ್ನೊಂದು ಕೆನ್ನೆಯನ್ನು ಹೆರೆದುಕೊಂಡ.

ಊರಿನ ಫುಟ್‌ಬಾಲ್ ತಂಡ ಇವತ್ತು ಮಧ್ಯಾಹ್ನ ಊರಿನಲ್ಲೇ ಆಡುವುದಿತ್ತು. ಸೋತರೆ ಕೋಚ್ ರುಸ್ಸಿಲ್ಲೊನ ಕತೆ ಮುಗಿಯಿತು. ರುಸ್ಸಿಲ್ಲೊನ ಕತೆ ಮುಗಿದರೆ ಸಂಜೆಯೊಳಗೆ ಈ ಫೋನು ನಿಜವಾಗಿಯೂ ಬಡಿದುಕೊಳ್ಳುತ್ತದೆ. ಇದು ಮೇಲಿನ ಮನೆಯವಳಿಗೂ ಗೊತ್ತು, ಮಾಂಸದಂಗಡಿಯವನಿಗೂ ಗೊತ್ತು. ನವೆಂಬರಿನಲ್ಲಿ ಎರ್ಮೆಸ್‌ನನ್ನು ಈ ತಂಡದ ಕೋಚ್ ಕೆಲಸದಿಂದ ತೆಗೆದುಹಾಕಿದಾಗ ಅವನ ಒಪ್ಪಂದವನ್ನು ಯಾರೂ ಹರಿದುಹಾಕಿರಲಿಲ್ಲ; ಹಾಗೆ ಹರಿಯುವ ಪದ್ಧತಿ ಇಲ್ಲ. ತೆಗೆದುಹಾಕಿದ ಕೋಚು ಮನೆಯಲ್ಲಿ ಕೂತು ಸಂಬಳ ತಿನ್ನುತ್ತಾನೆ, ಆ ವರ್ಷ ಬೇರೆ ಯಾವ ತಂಡಕ್ಕೂ ಹೋಗುವಂತಿಲ್ಲ, ಅವನ ಜಾಗಕ್ಕೆ ಬಂದವನೂ ಸೋಲತೊಡಗಿದರೆ ಮೂರನೆಯವನನ್ನು ಯಾಕೆ ಸಾಕಬೇಕೆಂದು ಕ್ಲಬ್ಬಿನ ಅಧ್ಯಕ್ಷರು ಹಳಬನನ್ನೇ ಕರೆಸಿಕೊಳ್ಳುತ್ತಾರೆ. ಹಾಗೆ ಕರೆಸಿಕೊಳ್ಳದೆ ಬಿಟ್ಟರೆ ಆ ಹಳಬನ ಬಗ್ಗೆ ದೇಶದ ಎಲ್ಲ ಕ್ಲಬ್ಬುಗಳಿಗೂ ಒಂದು ಸುದ್ದಿ ಹೋದಂತೆ: ಮನೆಯಲ್ಲಿ ಕೂತು ಪುಕ್ಕಟೆ ಸಂಬಳ ತಿನ್ನುವವನನ್ನೂ ಇವರು ಬೇಡ ಎಂದರು. ಐವತ್ತು ದಾಟಿದ ಮೇಲೆ ಅಂಥವನಿಗೆ ಇನ್ನೊಂದು ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಆ ಫೋನು ಬರಲಿ ಎಂದು ಅವನು ಚಳಿಗಾಲವಿಡೀ ಹಂಬಲಿಸಿದ್ದ. ತನ್ನದೇ ಹುಡುಗರು ಸೋಲಲಿ ಎಂದು ಪ್ರತಿ ಭಾನುವಾರ, ರೇಡಿಯೋದ ಮುಂದೆ ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು ಬೇಡಿಕೊಂಡಿದ್ದ. ಈಗ ಅದು ಬರುತ್ತದೆ ಎಂದಾಗ ಅವನಿಗೆ ಹೆದರಿಕೆಯಾಗುತ್ತಿತ್ತು. ಬರಿಯ ಅಳುಕಲ್ಲ, ಮೊಣಕಾಲಿನ ಹಿಂದೆ ಬೆವರುವಂಥ ಹೆದರಿಕೆ.

ಆಡುತ್ತಿದ್ದಾಗ ಅವನಿಗೆ ಹೆದರಿಕೆ ಎಂಬುದೇ ಇರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಅವನು ಡಿಫೆಂಡರ್, ಹಳೆಯ ಕಾಲದ ಸ್ಟಾಪರ್. ಎದುರಾಳಿಯ ಮುಖ್ಯ ಫಾರ್ವರ್ಡ್ ಯಾರೋ ಅವನ ಬೆನ್ನಿಗೆ ಅಂಟಿಕೊಂಡಿರುವುದೇ ಕೆಲಸ. ಎಳೆಯ ವಯಸ್ಸಿನಲ್ಲಿ ಅವನಿಗೆ ತರಬೇತು ಕೊಟ್ಟ ಮುದುಕ, ಬಟ್ಟೆ ಒಣಹಾಕುವ ಹಗ್ಗದಿಂದ ಅವನ ಸೊಂಟವನ್ನೂ ಫಾರ್ವರ್ಡಿನ ಸೊಂಟವನ್ನೂ ಬಿಗಿದು ಮೈದಾನದ ತುಂಬ ಓಡಿಸುತ್ತಿದ್ದ. "ಚೆಂಡು ನೋಡ್ಬೇಡ್ವೋ, ಚೆಂಡು ಸುಳ್ಳು ಹೇಳುತ್ತೆ. ಅವನ ಸೊಂಟ ನೋಡು, ಸೊಂಟ ಸುಳ್ಳು ಹೇಳಲ್ಲ" ಎನ್ನುತ್ತಿದ್ದ. ಹಗ್ಗ ಬಿಚ್ಚಿದ ಮೇಲೂ ಆ ಬಿಗಿ ಎಷ್ಟೋ ವರ್ಷ ಹೋಗಲಿಲ್ಲ. ಎದುರಿಗೆ ಒಂದು ಬೆನ್ನು, ಆ ಬೆನ್ನಿನ ಮೇಲೆ ತನ್ನ ಅಂಗೈ, ಅಂಗೈಯಡಿ ಅವನ ಉಸಿರು. ಅವನು ಎಲ್ಲಿಗೆ ಹೋದರೆ ಅಲ್ಲಿಗೆ. ಇಷ್ಟಿದ್ದರೆ ಮನುಷ್ಯನಿಗೆ ಯಾತರ ಭಯ? ಪತ್ರಿಕೆಗಳಲ್ಲಿ ಹೆಸರಿದ್ದ ಎಂಥೆಂಥ ಫಾರ್ವರ್ಡುಗಳು ಆಟ ಮುಗಿದ ಮೇಲೆ ಅವನತ್ತ ತಿರುಗಿ, ಇನ್ನಾದರೂ ಮನೆಗೆ ಹೋಗು ಪುಣ್ಯಾತ್ಮ, ಶೌಚಕ್ಕೂ ಹಿಂದೆ ಬರುತ್ತೀಯೇನು ಎಂದು ಬೈದಿದ್ದರು. ಆ ಬೈಗಳನ್ನು ಅವನು ಪದಕಗಳಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದ. ಕೋಚ್ ಆದ ದಿನವೇ ಅದೆಲ್ಲ ಹೋಯಿತು. ಬೆಂಚಿನ ಮುಂದೆ ನಿಂತವನಿಗೆ ಹಿಡಿದುಕೊಳ್ಳಲು ಯಾರ ಬೆನ್ನೂ ಇಲ್ಲ. ಕೈಗಳು ಎರಡೂ ಜೋಲುತ್ತವೆ. ಅವನ ಬೆನ್ನ ಹಿಂದೆ ಮಾತ್ರ ಎಲ್ಲರೂ ಇದ್ದಾರೆ: ಅಧ್ಯಕ್ಷರು, ಜನ, ಬೆಂಚಿನಲ್ಲಿ ಕೂತು ಉಗುರು ಕಚ್ಚುವ ಆಟಗಾರರು. ಒಂದೊಂದು ಊರಿನಿಂದ ಅವನನ್ನು ಕಳಿಸಿದಾಗಲೂ ಅವನು ಒಂದೊಂದು ಛತ್ರಿಯನ್ನು ಅಲ್ಲೇ ಮರೆತು ಬಂದಿದ್ದ. ಲೊರೆತ್ತಾ ಅದನ್ನೇ ದೊಡ್ಡ ತಮಾಷೆ ಮಾಡಿ ನೆಂಟರಿಗೆಲ್ಲ ಹೇಳುತ್ತಿದ್ದಳು.

ಊಟದ ಹೊತ್ತಿನಲ್ಲಿ ಲೊರೆತ್ತಾ ಅವನ ತಟ್ಟೆಗೆ ಎರಡನೆಯ ಸಲ ಬಡಿಸಿದಳು. "ತಿನ್ನು. ಸೊಂಟದ ಪಟ್ಟಿ ಎರಡು ತೂತು ಒಳಗೆ ಹೋಗಿದೆ. ಹಂಗೇ ಹೋದ್ರೆ ಜನ ಏನಂತಾರೆ, ಮನೇಲಿ ಹೆಂಡ್ತಿ ಊಟ ಹಾಕ್ಲಿಲ್ಲ ಅಂತಾರೆ." ಅವಳ ಮುಖದಲ್ಲಿ ಅಂಥ ನೆಮ್ಮದಿಯಿತ್ತು. ಮನೆಯಲ್ಲಿ ಕೂತ ಗಂಡನನ್ನು ಈ ತಿಂಗಳುಗಳಲ್ಲಿ ಅವಳು ಹೇಗೆ ಸಹಿಸಿದ್ದಳೆಂದು ಅವನಿಗೆ ಗೊತ್ತಿತ್ತು. ಅಂಗಡಿಗೆ ಹೋದರೆ ಯಾರಾದರೂ, ಮಿಸ್ಟರ್ ಹೇಗಿದಾರೆ ಎಂದು ಕೇಳುತ್ತಾರೆ; ಇಲ್ಲಿ ಕೋಚನ್ನು ಎಲ್ಲರೂ ಮಿಸ್ಟರ್ ಎಂದೇ ಕರೆಯುವುದು, ಕೆಲಸ ಹೋದ ಮೇಲೂ. ಆ ಮಿಸ್ಟರ್ ಎಂಬುದನ್ನು ಅವರು ಎಳೆಯುವ ರೀತಿಯಲ್ಲೇ ಅವಳಿಗೆ ಎಲ್ಲವೂ ತಿಳಿಯುತ್ತಿತ್ತು. ಕೆಲಸ ಹೋದ ನವೆಂಬರಿನ ಆ ಭಾನುವಾರ ಏನಾಯಿತೆಂದು ಅವಳಿಗೂ ಅವನು ಹೇಳಿರಲಿಲ್ಲ. ಹೇಳಿದ್ದರೆ ನಂಬುತ್ತಿದ್ದಳು. ಆದರೆ ಸೋತ ಕೋಚುಗಳು ಹೇಳುವ ನೆಪದ ಹಾಗೆ ತನ್ನ ಕಿವಿಗೇ ಕೇಳಿಸೀತೆಂದು ಸುಮ್ಮನಾಗಿದ್ದ.

ಆದದ್ದು ಇಷ್ಟೇ. ಕಾರ್ನರ್ ಕಿಕ್ ಬಂತು. ಕ್ಯಾಪ್ಟನ್ ದೆನಿಸ್ ಮರಂಗೋನ್, ಈ ಊರಿನ ಕಣ್ಮಣಿ, ಎರ್ಮೆಸ್‌ನ ಹಾಗೆಯೇ ಸ್ಟಾಪರ್, ಎದುರಾಳಿಯ ಫಾರ್ವರ್ಡನ್ನು ಹಿಡಿದು ನಿಂತಿದ್ದ. ಚೆಂಡು ಮೇಲೆದ್ದಿತು. ಮರಂಗೋನ್ ಚೆಂಡಿನತ್ತ ಅರ್ಧ ಹೆಜ್ಜೆ ಮುಂದಿಟ್ಟ. ಅರ್ಧವೇ. ಪೂರ್ತಿ ಇಟ್ಟಿದ್ದರೆ ಚೆಂಡು ಅವನ ತಲೆಗೆ ಸಿಗುತ್ತಿತ್ತು, ಇಡದೇ ಇದ್ದಿದ್ದರೆ ಆಳು ಅವನ ಕೈಯಲ್ಲಿರುತ್ತಿದ್ದ. ಅರ್ಧ ಇಟ್ಟದ್ದರಿಂದ ಎರಡೂ ಇಲ್ಲ. ಹಿಂದಿನಿಂದ ಫಾರ್ವರ್ಡ್ ಆರಾಮಾಗಿ ಎದ್ದು ತಲೆಯಿಂದ ಗೋಲು ಹೊಡೆದ. ಸ್ಟ್ಯಾಂಡಿನಲ್ಲಿದ್ದವರಿಗೆ ಅದು ಫಾರ್ವರ್ಡಿನ ಚಾಲಾಕಿಯಂತೆ ಕಂಡಿರಬೇಕು. ಅಂಥ ಅರ್ಧ ಹೆಜ್ಜೆ ಯಾವ ಸ್ಟಾಪರಿಂದಲೂ ಆಗಬಹುದು, ಎರ್ಮೆಸ್‌ನಿಂದಲೂ ಆಗಿತ್ತು. ಆದರೆ ಗೋಲು ತಿಂದ ಡಿಫೆಂಡರ್ ಏನು ಮಾಡುತ್ತಾನೆ? ಕೈ ಎತ್ತುತ್ತಾನೆ. ಆಫ್‌ಸೈಡ್ ಇರಲಿ ಇಲ್ಲದಿರಲಿ, ಕಾರ್ನರಿನಲ್ಲಿ ಆಫ್‌ಸೈಡ್ ಇರುವುದೇ ಇಲ್ಲವೆಂದು ಗೊತ್ತಿದ್ದರೂ, ಆಳು ತಪ್ಪಿಸಿಕೊಂಡ ಕ್ಷಣ ಅವನ ಕೈ ತಾನಾಗಿ ಮೇಲೇಳುತ್ತದೆ. ಬಿಸಿ ತಾಕಿದರೆ ಬೆರಳು ಹಿಂದಕ್ಕೆ ಬರುವ ಹಾಗೆ. ಮರಂಗೋನ್‌ನ ಕೈ ಏಳಲಿಲ್ಲ. ಎರಡೂ ಕೈ ಸೊಂಟದ ಮೇಲಿದ್ದವು. ಅವನು ಗೋಲಿನ ಕಡೆಗೂ ನೋಡಲಿಲ್ಲ, ಫಾರ್ವರ್ಡಿನ ಕಡೆಗೂ ನೋಡಲಿಲ್ಲ. ಬೆಂಚಿನ ಕಡೆ ನೋಡಿದ. ಆ ವಾರವೇ ಎರ್ಮೆಸ್ ಅವನನ್ನು ಪಕ್ಕಕ್ಕೆ ಕರೆದು, ಮುಂದಿನ ಭಾನುವಾರದಿಂದ ನೀನು ಸ್ವಲ್ಪ ಬೆಂಚಿನಲ್ಲಿ ಕೂತುಕೋ ದೆನಿಸ್, ನಿನ್ನ ಕಾಲು ಭಾರವಾಗಿದೆ ಎಂದಿದ್ದ. ಆಗಲಿ ಮಿಸ್ಟರ್, ನೀವು ಹೇಳಿದ ಹಾಗೆ ಎಂದು ಮರಂಗೋನ್ ತಲೆಬಾಗಿಸಿದ್ದ. ಆ ಮುಂದಿನ ಭಾನುವಾರ ಬೆಂಚಿನ ಮುಂದೆ ನಿಂತಿದ್ದವನು ರುಸ್ಸಿಲ್ಲೊ.

ರುಸ್ಸಿಲ್ಲೊ ಬಂದ ದಿನವೇ ಫೋನು ಮಾಡಿದ್ದ. ಆ ಕಸುಬಿನಲ್ಲಿ ಹೊಸಬ ಹಳಬನಿಗೆ ಒಂದು ಫೋನು ಮಾಡುವುದು ಮರ್ಯಾದೆ. ಎಷ್ಟೋ ಜನ ಮಾಡುವುದಿಲ್ಲ. ರುಸ್ಸಿಲ್ಲೊ ದಕ್ಷಿಣದವನು, ಎಳೆದು ಎಳೆದು ಮಾತಾಡುತ್ತಿದ್ದ. "ಬೊನಾಲ್ದೊ ಅವ್ರೇ, ನಿಮ್ಮ ಜಾಗಕ್ಕೆ ಬಂದಿದೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ನನ್ನ ಜಾಗಕ್ಕೂ ಯಾರೋ ಬರ್ತಾರೆ. ಒಂದೇ ಒಂದು ಕೇಳ್ತೀನಿ. ಹಿಂದಿನ ಸಾಲಲ್ಲಿ ಯಾರನ್ನ ನಂಬ್ಲಿ?" ಹಜಾರದಲ್ಲಿ ನಿಂತು, ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಎರ್ಮೆಸ್ ಒಂದು ಗಳಿಗೆ ಯೋಚಿಸಿದ್ದ. ಯೋಚಿಸಿದ್ದ ಎಂಬುದೇ ಈಗ ಅವನನ್ನು ತಿನ್ನುವುದು. ಬಾಯಿತಪ್ಪಿ ಬಂದದ್ದಲ್ಲ. "ಮರಂಗೋನ್‌ನ ನಂಬಿ. ಕಣ್ಣು ಮುಚ್ಕೊಂಡು ನಂಬಿ" ಎಂದಿದ್ದ. ಆ ಕಡೆಯಿಂದ ಆ ಮನುಷ್ಯ, ದೇವರು ನಿಮಗೆ ಒಳ್ಳೇದು ಮಾಡ್ಲಿ ಎಂದ. ನಿಜವಾಗಿಯೂ ಹಾಗೇ ಅಂದ.

ಊಟವಾದ ಮೇಲೆ ಮನೆಯಲ್ಲಿ ಕೂರಲಾರದೆ ಅವನು ಕೋಟು ತೊಟ್ಟುಕೊಂಡು ಹೊರಬಿದ್ದ. ಫೆಬ್ರವರಿಯ ತೆಳು ಬಿಸಿಲು ಬೀದಿಯಲ್ಲಿ ಹರಡಿತ್ತು. ಕಾಫಿ ಕುಡಿಯಲೆಂದು ಪ್ರಿಮೊನ ಬಾರಿನೊಳಗೆ ಹೋದದ್ದೇ ತಪ್ಪಾಯಿತು. ಇಸ್ಪೀಟಿನ ಮೇಜಿನ ಸುತ್ತ ಕೂತಿದ್ದವರು ಎಲೆಗಳನ್ನು ಎದೆಗೆ ಒತ್ತಿಕೊಂಡು ತಲೆ ಎತ್ತಿದರು. ನಿವೃತ್ತ ರೈಲ್ವೆಯವನಾದ ತುಲ್ಲಿಯೊ ಕೈ ಚಾಚಿ ಮೇಜಿನ ಕಬ್ಬಿಣದ ಕಾಲನ್ನು ಮುಟ್ಟಿದ. ಅಪಶಕುನ ಎದುರಾದರೆ ಅವರು ಮಾಡುವುದೇ ಹಾಗೆ.

"ಬಂತಪ್ಪಾ ಗೂಬೆ! ಪ್ರಿಮೊ, ಕಿಟಕಿ ಹಾಕೋ. ಇವತ್ತು ಯಾರ ಮನೆ ಮೇಲೆ ಕೂರ್ಬೇಕು ಅಂತ ನೋಡ್ತಾ ಇದೆ."

ತನ್ನ ತಂಡದ ಸೋಲನ್ನು ಬಯಸುವವನನ್ನು ಅಲ್ಲಿ ಗೂಬೆ ಎನ್ನುತ್ತಾರೆ. ಎಲ್ಲರೂ ನಕ್ಕರು. ಎರ್ಮೆಸ್ ತಾನೂ ನಕ್ಕ. ನಕ್ಕದ್ದು ತುಸು ಹೆಚ್ಚಾಯಿತೇನೋ ಎನ್ನಿಸಿ ಬಾಯಿ ಮುಚ್ಚಿಕೊಂಡ.

"ಸುಮ್ನಿರೋ ತುಲ್ಲಿಯೊ" ಎಂದ ಪ್ರಿಮೊ, ಕಾಫಿ ಇಡುತ್ತಾ. "ಮಿಸ್ಟರ್, ತಲೆ ಕೆಡಿಸ್ಕೋಬೇಡಿ. ಸಂಜೆ ಹೊತ್ತಿಗೆ ನೀವು ಮತ್ತೆ ನಮ್ಮೋರು. ಪೇಪರಲ್ಲಿ ನೋಡಿದ್ರಾ? ಆ ದಕ್ಷಿಣದೋನು ಮುಂದಿನ ವಾರದಿಂದ ಮರಂಗೋನ್‌ನ ಕೂರಿಸ್ತಾನಂತೆ. ಮರಂಗೋನ್‌ನ! ಅವನಿಗೇನು ಹುಚ್ಚಾ?"

"ಕೂರಿಸ್ತಾನಂತಾ?" ಎಂದ ಎರ್ಮೆಸ್. ಕೈಯಲ್ಲಿದ್ದ ಬಟ್ಟಲನ್ನು ತಟ್ಟೆಯ ಮೇಲಿಟ್ಟ.

"ಹಂಗಂತ ಬರೆದಿದಾರೆ. ಕಾಲು ಭಾರ ಅಂತೆ."

ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ದುಡ್ಡು ಕೊಡಲು ಹೋದರೆ ಪ್ರಿಮೊ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಕೊಡಿ ಮಿಸ್ಟರ್, ಆಗ ನಿಮ್ಮ ಕೈ ಮೇಲಿರುತ್ತೆ ಎಂದು ಕಣ್ಣು ಹೊಡೆದ. ಹಾಗಾದರೆ ಇವತ್ತು ಮತ್ತೆ ಆ ಅರ್ಧ ಹೆಜ್ಜೆ ಬಿದ್ದೇ ಬೀಳುತ್ತದೆ. ಎರ್ಮೆಸ್‌ಗೆ ಅದು ಆಗ ಖಚಿತವಾಯಿತು, ಹಲ್ಲು ಕೀಳುವ ದಿನ ಬೆಳಿಗ್ಗೆಯೇ ನೋವು ಖಚಿತವಾಗಿರುವ ಹಾಗೆ. ಸ್ಟೇಡಿಯಂ ಬಳಿ ಹೋಗಬಾರದು, ಹೋದರೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ ಎಂದುಕೊಳ್ಳುತ್ತಲೇ ಅವನ ಕಾಲುಗಳು ಆ ದಾರಿ ಹಿಡಿದಿದ್ದವು. ಆಗಲೂ ರುಸ್ಸಿಲ್ಲೊನನ್ನು ಎಚ್ಚರಿಸಬಹುದಿತ್ತು. ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನಿಂತಿರುವ ಮುದಿ ಕಾವಲುಗಾರ ಅವನನ್ನು ಎಂದೂ ತಡೆಯುವವನಲ್ಲ. ಒಂದು ಮಾತು ಸಾಕಿತ್ತು: ಅವನನ್ನು ಇವತ್ತೇ ಕೂರಿಸು. ಆ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡೇ ನಡೆದ. ನಡೆಯುತ್ತಾ ನಡೆಯುತ್ತಾ ಡ್ರೆಸ್ಸಿಂಗ್ ರೂಮಿನ ಬಾಗಿಲಿನ ಕಡೆಗೆ ತಿರುಗುವ ಓಣಿ ಹಿಂದೆ ಉಳಿಯಿತು. ಉಳಿದದ್ದು ಅವನಿಗೆ ಗೊತ್ತಾಯಿತು. ಕಾಲನ್ನು ದೂರುವ ಹಾಗಿರಲಿಲ್ಲ, ಓಣಿ ಬಂದಾಗ ಅವನು ಬೇಕೆಂತಲೇ ಎದುರು ಬದಿಯ ಅಂಗಡಿಯ ಗಾಜನ್ನು ನೋಡಿದ್ದ.

ಆದಿಜೆ ನದಿಯ ಮಣ್ಣಿನ ಏರಿ ಸ್ಟೇಡಿಯಂ ಗೋಡೆಗಿಂತ ಎತ್ತರ. ಟಿಕೆಟ್ ಕೊಳ್ಳದ ಪಿಂಚಣಿದಾರರು ಅಲ್ಲಿ ಸೈಕಲ್ಲುಗಳನ್ನು ಒರಗಿಸಿಕೊಂಡು ನಿಂತು ನೋಡುತ್ತಾರೆ. ಎರ್ಮೆಸ್ ಅವರ ಹಿಂದೆ, ಕೊರಳಪಟ್ಟಿ ಎತ್ತಿಕೊಂಡು ನಿಂತ. ಮೇಲಿನಿಂದ ಆಟಗಾರರು ಚಿಕ್ಕಚಿಕ್ಕದಾಗಿ ಕಾಣುತ್ತಿದ್ದರು. ರುಸ್ಸಿಲ್ಲೊ ಟೋಪಿ ಹಾಕಿಕೊಂಡು ಬೆಂಚಿನ ಮುಂದೆ ಅತ್ತಿತ್ತ ಓಡಾಡುತ್ತಿದ್ದ. ಅವನ ಕೈಗಳೂ ಜೋಲುತ್ತಿದ್ದವು. ಎರ್ಮೆಸ್ ಚೆಂಡನ್ನು ನೋಡಲೇ ಇಲ್ಲ. ಮರಂಗೋನ್‌ನ ಸೊಂಟವನ್ನು ನೋಡುತ್ತಾ ನಿಂತ. ಎಂಥ ಆಟ ಆಡುತ್ತಿದ್ದನು ಅವನು! ಭಾರವಾದ ಕಾಲಿನವನು ಎಂದು ಯಾರೂ ಅನ್ನುವ ಹಾಗಿರಲಿಲ್ಲ. ಎಲ್ಲಿ ಚೆಂಡು ಬೀಳುವುದೋ ಅಲ್ಲಿ ಮೊದಲೇ ಇರುತ್ತಿದ್ದ. ಮೊದಲರ್ಧ ಮುಗಿಯುವಷ್ಟರಲ್ಲಿ ಎರ್ಮೆಸ್‌ಗೆ ತನ್ನ ಮೇಲೆಯೇ ನಾಚಿಕೆಯಾಗತೊಡಗಿತು. ನಾಲ್ಕು ತಿಂಗಳು ಇಲ್ಲದ್ದನ್ನು ಕಲ್ಪಿಸಿಕೊಂಡೆನೇ? ಸೋತವನ ತಲೆ ಏನೇನು ಕಾಣುವುದಿಲ್ಲ? ಒಂದು ಪಾಪದ ಮನುಷ್ಯನನ್ನು ಇಷ್ಟು ದಿನ ಶಪಿಸಿದೆನಲ್ಲ ಎಂದು ಅವನ ಕಣ್ಣು ತುಂಬಿಬಂತು. ಈ ನಾಚಿಕೆ ಅವನಿಗೆ ಹಿತವಾಗಿತ್ತು. ಅದು ಉಳಿಯಲಿ ಎಂದು ಬಯಸಿದ. ರುಸ್ಸಿಲ್ಲೊ ಗೆಲ್ಲಲಿ ಎಂದೂ ಬಯಸಿದ, ಚಳಿಗಾಲದಲ್ಲಿ ಮೊದಲ ಸಲ, ನಿಜವಾಗಿ.

ಎರಡನೆಯ ಅರ್ಧ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಗೋಲಿರಲಿಲ್ಲ. ಕಾರ್ನರ್ ಬಂತು. ಮರಂಗೋನ್ ಆಳನ್ನು ಹಿಡಿದು ನಿಂತ. ಚೆಂಡು ಮೇಲೆದ್ದಿತು, ಮತ್ತು ಅವನ ಸೊಂಟ ಅರ್ಧ ತಿರುಗಿತು. ಅರ್ಧ ಹೆಜ್ಜೆ. ಹಿಂದಿನಿಂದ ಫಾರ್ವರ್ಡ್ ಎದ್ದ, ಬಲೆ ಅಲುಗಿತು, ಸ್ಟೇಡಿಯಂ ಒಂದೇ ಸಲ ಬಾಯಿ ಕಟ್ಟಿಕೊಂಡಿತು. ಆ ನಿಶ್ಶಬ್ದದಲ್ಲಿ ಎರ್ಮೆಸ್‌ಗೆ ತನ್ನ ಬಲಗೈ ಭಾರವಾದಂತೆ ಅನ್ನಿಸಿತು. ನೋಡಿದರೆ ಅದು ಮೇಲೆ, ತಲೆಯ ಮೇಲೆ, ನೆಟ್ಟಗೆ ಎದ್ದು ನಿಂತಿತ್ತು. ಬೂಟು ಕಳಚಿಟ್ಟು ಅದೆಷ್ಟೋ ವರ್ಷವಾದ ಮೇಲೆ, ಏರಿಯ ಮೇಲೆ, ಕೋಟು ತೊಟ್ಟುಕೊಂಡು, ಅವನು ಆಫ್‌ಸೈಡ್ ಕೇಳುತ್ತಿದ್ದ. ಪಿಂಚಣಿದಾರರೆಲ್ಲ ಹಿಂದೆ ತಿರುಗಿದರು. "ಅಯ್ಯೋ, ಮಿಸ್ಟರ್ ಇಲ್ಲೇ ಇದಾರಲ್ಲೋ!" ಎಂದನೊಬ್ಬ. "ಯಾರಿಗೆ ಕೈ ಎತ್ತಿದ್ದೀರಿ ಮಿಸ್ಟರ್, ಗೋಲು ಬಿತ್ತು ಅಂತ ಖುಷಿಗಾ?" ಎಂದ ಇನ್ನೊಬ್ಬ. ಕೆಳಗೆ ಮರಂಗೋನ್ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ. ಮೊದಲು ಬೆಂಚಿನ ಕಡೆ ನೋಡಿದ. ಆಮೇಲೆ ಮುಖ ಎತ್ತಿ ಏರಿಯ ಕಡೆ ನೋಡಿದ. ಅಷ್ಟು ದೂರದಿಂದ ಒಬ್ಬ ಮನುಷ್ಯನ ಕಣ್ಣು ಕಾಣುವುದಿಲ್ಲ. ಆದರೂ ಇಡೀ ಮೈದಾನದಲ್ಲಿ ಎದ್ದ ಒಂದೇ ಒಂದು ಕೈಯನ್ನು ಅವನು ನೋಡಿದನೆಂದು ಎರ್ಮೆಸ್‌ಗೆ ಗೊತ್ತಾಯಿತು. ಕೈ ಇಳಿಸಿಕೊಂಡು, ಬಿದ್ದೆನೋ ಎದ್ದೆನೋ ಎಂದು ಏರಿಯಿಂದ ಇಳಿದು ಮನೆಯ ಕಡೆ ನಡೆದ. ಬೆನ್ನ ಹಿಂದೆ ಯಾರೋ ಗೂಬೆಯ ಹಾಗೆ ಕೂಗಿದರು.

ಮನೆ ಸೇರಿದಾಗ ಲೊರೆತ್ತಾ ರೇಡಿಯೋ ಆರಿಸಿ ತಲೆ ಬಾಚಿಕೊಳ್ಳುತ್ತಿದ್ದಳು. ಟ್ರ್ಯಾಕ್ ಸೂಟು ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ಅವನು ಕೋಟನ್ನೂ ಬಿಚ್ಚದೆ ಅದರ ಎದುರಿಗೆ ಕೂತ. ಇವತ್ತು ಮರಂಗೋನ್ ನನ್ನ ಸಲುವಾಗಿ ಅರ್ಧ ಹೆಜ್ಜೆ ಇಟ್ಟ, ನವೆಂಬರಿನಲ್ಲಿ ನನ್ನ ವಿರುದ್ಧ ಇಟ್ಟ, ಮತ್ತೆ ಯಾವತ್ತು ಇಡುತ್ತಾನೆ? ಅವನನ್ನು ಕೂರಿಸಬೇಕು ಎನ್ನಿಸಿದ ದಿನ. ಅಂದರೆ ಎಂದೂ ಕೂರಿಸುವ ಹಾಗಿಲ್ಲ. ಅವನ ಕಾಲು ನಿಜಕ್ಕೂ ಸೋತ ಮೇಲೂ, ಹುಡುಗರೆಲ್ಲ ನಗತೊಡಗಿದ ಮೇಲೂ ಕೂರಿಸುವ ಹಾಗಿಲ್ಲ. ಹೀಗೆಲ್ಲ ಅಂದುಕೊಳ್ಳುತ್ತಿರುವಾಗ ಬಾಗಿಲ ಗಂಟೆಯ ಸದ್ದಾಯಿತು. ಲೊರೆತ್ತಾ ಹೋಗಿ ತೆಗೆದಳು. "ಅಯ್ಯೋ ದೆನಿಸ್! ಬಾ ಬಾ ಒಳಗೆ. ಇದೆಲ್ಲ ಯಾಕೆ ತರೋಕೆ ಹೋದೆ?" ಎನ್ನುವ ದನಿ ಕೇಳಿಸಿತು.

ಮರಂಗೋನ್ ಮಿಠಾಯಿ ಅಂಗಡಿಯ ಕಾಗದದಲ್ಲಿ ಸುತ್ತಿ, ಚಿನ್ನದ ಬಣ್ಣದ ದಾರ ಕಟ್ಟಿದ ಕೇಕಿನ ತಟ್ಟೆಯನ್ನು ಬೆರಳಿಗೆ ನೇತುಹಾಕಿಕೊಂಡು ನಿಂತಿದ್ದ. ಭಾನುವಾರ ಯಾರ ಮನೆಗಾದರೂ ಹೋಗುವಾಗ ಹಾಗೆ ತೆಗೆದುಕೊಂಡು ಹೋಗುವುದು ವಾಡಿಕೆ. ತಲೆಗೂದಲು ಇನ್ನೂ ಒದ್ದೆಯಾಗಿತ್ತು. ಸೋತ ಮೈದಾನದಿಂದ ಸೀದಾ ಬಂದಿದ್ದ. "ಈ ಕಡೆ ಹೋಗ್ತಿದ್ದೆ ಮಿಸ್ಟರ್" ಎಂದ. "ಹಂಗೇ ನೋಡ್ಕೊಂಡು ಹೋಗೋಣ ಅಂತ."

"ಕೂತ್ಕೋ" ಎಂದ ಎರ್ಮೆಸ್. ಟ್ರ್ಯಾಕ್ ಸೂಟು ಇದ್ದ ಕುರ್ಚಿಯೊಂದೇ ಖಾಲಿ ಇತ್ತು. ಮರಂಗೋನ್ ಅದನ್ನು ಎರಡೂ ಕೈಯಿಂದ ಎತ್ತಿ, ಮಡಿಕೆ ಕೆಡದ ಹಾಗೆ ಮಂಚದ ಮೇಲಿಟ್ಟು ಬಂದು ಕೂತ.

"ಎಂಥ ನಷ್ಟ ಅಲ್ವೇನೋ ಇವತ್ತು" ಎಂದಳು ಲೊರೆತ್ತಾ, ದಾರ ಬಿಚ್ಚುತ್ತಾ. ಅವಳ ದನಿಯಲ್ಲಿ ನಷ್ಟವೇನೂ ಇರಲಿಲ್ಲ.

"ಏನ್ಮಾಡೋದು ಅಮ್ಮ. ಹುಡುಗ್ರಿಗೆ ಮನಸ್ಸೇ ಇಲ್ಲ. ಆ ಮನುಷ್ಯ ಒಳ್ಳೆಯೋನೇ, ಆದ್ರೆ ನಮ್ಮೋನಲ್ಲ. ಎಲ್ಲಾರೂ ಮಿಸ್ಟರ್ ಬೊನಾಲ್ದೊ ಯಾವಾಗ ಬರ್ತಾರೆ ಅಂತ ಕೇಳ್ತಿದಾರೆ." ಎರ್ಮೆಸ್‌ನ ಕಡೆ ತಿರುಗಿದ. "ನೀವು ಏರಿ ಮೇಲಿದ್ರಿ. ನೋಡ್ದೆ. ಕೈ ಎತ್ತಿದ್ರಿ."

"ಅಭ್ಯಾಸ" ಎಂದ ಎರ್ಮೆಸ್.

"ಹೌದು ಮಿಸ್ಟರ್. ನಿಮಗೆ ಎಲ್ಲಾ ಕಾಣುತ್ತೆ. ಬೇರೆಯೋರಿಗೆ ಕಾಣಲ್ಲ." ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಗುರುವನ್ನು ನೋಡುವ ಶಿಷ್ಯನ ಪ್ರೀತಿಯಿತ್ತು. ಎರ್ಮೆಸ್‌ಗೆ ಅದೇ ಹೆಚ್ಚು ಹೆದರಿಕೆ ತಂದಿತು. ಕೆಟ್ಟವನಾಗಿದ್ದರೆ ಎದ್ದು ಕೊರಳಪಟ್ಟಿ ಹಿಡಿಯಬಹುದಿತ್ತು. ಇವನು ತಾನು ಮಾಡಿದ್ದು ಉಪಕಾರವೆಂದೇ ತಿಳಿದಿದ್ದ, ಉಪಕಾರಕ್ಕೆ ಕೇಕು ಬೇರೆ ತಂದಿದ್ದ.

ಆಗ ಫೋನು ಬಡಿದುಕೊಂಡಿತು. ಈ ಸಲ ತಮ್ಮ ಮನೆಯದೇ. ಲೊರೆತ್ತಾ ಎರಡೂ ಕೈಗಳನ್ನು ಬಾಯಿಗೆ ಒತ್ತಿಕೊಂಡಳು. ಎರ್ಮೆಸ್ ಹಜಾರಕ್ಕೆ ಹೋದ. ಹಜಾರಕ್ಕೂ ಕೋಣೆಗೂ ನಡುವೆ ಬಾಗಿಲಿರಲಿಲ್ಲ. ಎತ್ತಿದರೆ ಅಧ್ಯಕ್ಷ ತೊಸೆತ್ತೊರ ಗೊಗ್ಗರು ದನಿ, ಕೋಣೆಯವರೆಗೂ ಕೇಳಿಸುವಷ್ಟು ಜೋರು.

"ಬೊನಾಲ್ದೊ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ರುಸ್ಸಿಲ್ಲೊ ನನ್ನೆದುರಿಗೇ ಕೂತಿದ್ದ, ಈಗ ಹೊರಗೆ ಕಳಿಸಿದೀನಿ. ಅವನೊಂದು ಮಾತು ಹೇಳ್ತಾನೆ. ಮರಂಗೋನ್ ಬೇಕೂಂತ ಆಳನ್ನ ಬಿಟ್ಟ ಅಂತಾನೆ. ನಾನು ರೇಡಿಯೇಟರ್ ಮಾಡೋನು ಕಣಯ್ಯ, ನನಗೆ ಇದರಲ್ಲಿ ಏನು ಗೊತ್ತಾಗುತ್ತೆ? ನೀನು ಸ್ಟಾಪರ್ ಆಗಿದ್ದೋನು, ಏರಿ ಮೇಲೆ ನಿಂತಿದ್ದೆ ಅಂತಾನೂ ಕೇಳ್ದೆ. ನೀನು ಹೇಳಿದ್ದನ್ನ ನಾನು ನಂಬ್ತೀನಿ. ಬೇಕೂಂತ ಬಿಟ್ಟಿದ್ರೆ ರುಸ್ಸಿಲ್ಲೊದು ಏನೂ ತಪ್ಪಿಲ್ಲ, ಅವನೇ ಮುಂದುವರೀಲಿ, ಮರಂಗೋನ್‌ನ ನಾಳೆ ಬೆಳಿಗ್ಗೆ ಹೊರಗೆ ಹಾಕ್ತೀನಿ. ಬಿಡ್ಲಿಲ್ಲ ಅಂದ್ರೆ ಮಂಗಳವಾರ ನೀನು ಬಾ. ಹೇಳು. ಬಿಟ್ನಾ, ಇಲ್ವಾ?"

ಎರ್ಮೆಸ್ ಕೋಣೆಯ ಕಡೆ ನೋಡಿದ. ಮರಂಗೋನ್ ಇವನ ಕಡೆ ನೋಡುತ್ತಿರಲಿಲ್ಲ. ಚಿಕ್ಕ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಕೆನೆ ತುಂಬಿದ ಕೇಕನ್ನು ಚಮಚದಿಂದ ಸಣ್ಣಗೆ ಕತ್ತರಿಸುತ್ತಿದ್ದ. ಅವನ ಅಗಲವಾದ ಬೆನ್ನು ಕದಲದೆ ಕೇಳಿಸಿಕೊಳ್ಳುತ್ತಿತ್ತು. ಅವನ ಆಚೆಗೆ ಲೊರೆತ್ತಾ, ಬಾಯಿಯಿಂದ ಕೈ ತೆಗೆಯದೆ, ಎರಡೂ ಕಣ್ಣಿನಿಂದ ಗಂಡನ ಮುಖವನ್ನೇ ಕುಡಿಯುವಂತೆ ನೋಡುತ್ತಿದ್ದಳು. ಹೌದು ಎಂದುಬಿಟ್ಟರೆ ಎಲ್ಲವೂ ಮುಗಿಯುತ್ತದೆ. ಒಬ್ಬ ಮರ್ಯಾದಸ್ಥನಿಗೆ ಅವನ ಜಾಗ ಸಿಗುತ್ತದೆ, ತನ್ನ ಹೆಗಲ ಮೇಲಿನ ಭಾರ ಇಳಿಯುತ್ತದೆ, ಈ ಹೆದರಿಕೆ ಇವತ್ತಿಗೇ ಸಾಯುತ್ತದೆ. ಮತ್ತೆ ನಾಳೆ ಬೆಳಿಗ್ಗೆ ಏಳಬೇಕು, ಕ್ಷೌರ ಮಾಡಿಕೊಳ್ಳಬೇಕು, ಆದರೆ ಹೋಗುವುದಕ್ಕೆ ಎಲ್ಲೂ ಇಲ್ಲ. ಹೌದು ಎಂಬ ಮಾತು ಗಂಟಲಿನವರೆಗೆ ಬಂದದ್ದು ಅವನಿಗೆ ಗೊತ್ತಾಯಿತು. ಅದರ ರುಚಿ ಕೂಡ ಗೊತ್ತಾಯಿತು.

"ಹಲೋ? ಇದೀಯಾ?" ಎಂದರು ತೊಸೆತ್ತೊ.

"ಇದೀನಿ ಪ್ರೆಸಿಡೆಂಟ್ರೇ" ಎಂದ ಎರ್ಮೆಸ್. "ಬೇಕೂಂತ ಅಲ್ಲ. ಕಾಲು ಜಾರಿತು."

"ಜಾರಿತಾ?"

"ಜಾರಿತು. ನಾನು ನೋಡ್ದೆ. ಯಾರಿಗಾದ್ರೂ ಜಾರುತ್ತೆ."

ಆ ಕಡೆ ಒಂದು ದೀರ್ಘ ಉಸಿರು. "ನಾನೂ ಹಾಗೇ ಅಂದ್ಕೊಂಡೆ. ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ ಬಿಡು. ಹಾಗಾದ್ರೆ ಅವನೇ ಕ್ಯಾಪ್ಟನ್, ನೀನೇ ಮಿಸ್ಟರ್. ಮಂಗಳವಾರ ಮೂರು ಗಂಟೆಗೆ." ಫೋನು ಇಟ್ಟ ಸದ್ದಾಯಿತು.

ಲೊರೆತ್ತಾ ಓಡಿಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಮರಂಗೋನ್ ಎದ್ದು, ಖಾಲಿ ತಟ್ಟೆಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ತಾನೇ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತಾ ಬಂದ. ಅವನ ಕಣ್ಣುಗಳೂ ಒದ್ದೆಯಾಗಿದ್ದವು. ಎರ್ಮೆಸ್‌ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. "ನಾನಿರೋ ತನಕ ನಿಮಗೇನೂ ಆಗಲ್ಲ ಮಿಸ್ಟರ್" ಎಂದ. ಮನಸಾರೆ ಹೇಳಿದ. ಲೊರೆತ್ತಾ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು ಬಾಗಿಲವರೆಗೆ ಕಳಿಸಿಕೊಟ್ಟಳು.

ಬಾಗಿಲು ಹಾಕಿ ಬಂದವಳು ಗಂಡ ಇನ್ನೂ ಫೋನಿನ ಪಕ್ಕದಲ್ಲೇ ನಿಂತಿರುವುದನ್ನು ನೋಡಿದಳು. ಹತ್ತಿರ ಬಂದಳು. ಒಂದು ಗಳಿಗೆ ಅವನ ಮುಖವನ್ನೇ ನೋಡಿ, ದನಿ ತಗ್ಗಿಸಿ ಕೇಳಿದಳು:

"ಎರ್ಮೆಸ್, ಅವನ ಕಾಲು ನಿಜವಾಗ್ಲೂ ಜಾರಿತಾ?"

ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಅವಳು ಬೈಯುತ್ತಿದ್ದಳು, ಅಳುತ್ತಿದ್ದಳು, ಆಮೇಲೆ ಅವನ ಪಕ್ಕದಲ್ಲಿ ಕೂರುತ್ತಿದ್ದಳು. "ಜಾರಿತು" ಎಂದ. ಅವಳು ತಲೆಯಾಡಿಸಿ, ಮಂಚದ ಮೇಲಿದ್ದ ಟ್ರ್ಯಾಕ್ ಸೂಟನ್ನು ತೆಗೆದುಕೊಂಡು ಕಪಾಟಿನ ಕಡೆ ಹೋದಳು. ಇಷ್ಟು ವರ್ಷ ಯಾರಿಗೆಲ್ಲ ಹೆದರಿದರೂ ಅವನು ಅವಳಿಗೊಬ್ಬಳಿಗೆ ಹೆದರಿರಲಿಲ್ಲ. ಈಗ ಅವಳು ಕಪಾಟಿನ ಬಾಗಿಲು ತೆಗೆಯುವುದನ್ನು, ತನಗೆ ಬೆನ್ನು ಹಾಕಿ ಒಳಗೆ ಬಗ್ಗುವುದನ್ನು, ಬಗ್ಗಿದಲ್ಲೇ ಏನನ್ನೋ ಯೋಚಿಸುತ್ತ ಒಂದು ಗಳಿಗೆ ಸುಮ್ಮನೆ ನಿಂತದ್ದನ್ನು ಅವನು ಕಣ್ಣು ಕೀಳದೆ ನೋಡುತ್ತಿದ್ದ.